ಹಿತ್ತಿಲ ಚಿಟ್ಟೆಯ ಸಮೀಪಚಿತ್ರ: ತೆಗೆಯುವುದು ಹೇಗೆ, ಹೆಸರು ಬರೆಯುವುದು ಯಾವ ಭಾಷೆಯಲ್ಲಿ?

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಮನೆಯವರ ಮೊಬೈಲಿನಲ್ಲಿ ಚಿಟ್ಟೆಗಳ ಚಿತ್ರ ತೆಗೆದು ನಮಗೆ ತೋರಿಸುವುದುಂಟು. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಅಡಿಯಲ್ಲಿ ಬರೆದ ಹೆಸರು ಮಾತ್ರ ಇಂಗ್ಲಿಷಿನದು, ಇಲ್ಲವೇ ಮಲಯಾಳದ್ದು. ಚಿಟ್ಟೆ ಕುಳಿತಿದ್ದ ಗಿಡ ಯಾವುದೆಂದು ಕೇಳಿದರೆ ಉತ್ತರಕ್ಕೆ ಅಜ್ಜಿಯ ಬಳಿಗೆ ಓಡಬೇಕು. ಓಡಲಿ, ಈ ಹವ್ಯಾಸದಲ್ಲಿ ನಾವು ಮೆಚ್ಚುವ ಭಾಗವೇ ಅದು.

ವಸ್ತುವಿನ ನಿಜ ಗಾತ್ರದಷ್ಟೇ ದೊಡ್ಡ ಬಿಂಬ ಕ್ಯಾಮೆರಾದ ಸಂವೇದಕದ ಮೇಲೆ ಮೂಡಿದರೆ ಅದನ್ನು ಮ್ಯಾಕ್ರೋ ಛಾಯಾಗ್ರಹಣ ಎನ್ನುವುದು ರೂಢಿ. ಮೊಬೈಲಿನ ಮ್ಯಾಕ್ರೋ ಸೌಲಭ್ಯ ಅಷ್ಟು ದೂರ ಹೋಗದಿದ್ದರೂ ಮನೆಯ ಅಭ್ಯಾಸಕ್ಕೆ ಸಾಕು. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಮಸೂರವೂ ದೊರೆಯುತ್ತದೆ. ಇಲ್ಲಿ ಎದುರಾಗುವ ಮುಖ್ಯ ತೊಡಕೆಂದರೆ, ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕುಗ್ಗಿ ಕೆಲವೇ ಮಿಲಿಮೀಟರಿಗೆ ಇಳಿಯುತ್ತದೆ. ಆದುದರಿಂದ ರೆಕ್ಕೆ ಮಡಚಿ ಕುಳಿತ ಚಿಟ್ಟೆಯನ್ನು ಪಕ್ಕದಿಂದ, ರೆಕ್ಕೆಗೆ ಸಮಾನಾಂತರವಾಗಿ ಮೊಬೈಲು ಹಿಡಿದು ತೆಗೆಯಬೇಕು. ಓರೆಯಾಗಿ ಹಿಡಿದರೆ ಕಣ್ಣು ಸ್ಪಷ್ಟ, ರೆಕ್ಕೆ ಮಸುಕು. ಚಿಟ್ಟೆಗಳ ದೇಹ ಸುತ್ತಲಿನ ಶಾಖವನ್ನು ಅವಲಂಬಿಸಿರುವುದರಿಂದ ಬೆಳಗಿನ ತಂಪಿನಲ್ಲಿ ಅವು ಬೇಗ ಹಾರವು. ಬಿಸಿಲು ಕಾಯುತ್ತಾ ಕುಳಿತಿರುತ್ತವೆ. ನಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಮೆಲ್ಲನೆ ಸಮೀಪಿಸಿದರಾಯಿತು.

ಚಿಟ್ಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಕರಿಬೇವಿನ ಗಿಡದ ಮುಂದೆ ನಿಲ್ಲುವುದು ಮೇಲು. ಇಂಗ್ಲಿಷಿನಲ್ಲಿ ಕಾಮನ್ ಮಾರ್ಮನ್ ಎನಿಸಿಕೊಂಡ ಚಿಟ್ಟೆ ಕರಿಬೇವು, ನಿಂಬೆ ಗಿಡಗಳ ಎಲೆಗಳ ಮೇಲೆ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಬೆಳೆದ ಮೇಲೆ ಎಲೆಯದೇ ಹಸುರು. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಇದರ ಹೆಣ್ಣುಗಳಲ್ಲಿ ಕೆಲವು ಗಂಡನ್ನೇ ಹೋಲುತ್ತವೆ. ಉಳಿದವು ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಬೇರೆಯೇ ಚಿಟ್ಟೆಗಳ ವೇಷ ಧರಿಸುತ್ತವೆ. ಆ ರೋಸ್ ಚಿಟ್ಟೆಗಳ ಮರಿಗಳು ಈಶ್ವರಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗವು. ಅಸಲಿ ಯಾವುದು, ವೇಷಧಾರಿ ಯಾವುದು ಎಂಬುದು ಹಾರಾಟದಲ್ಲಿ ತಿಳಿಯದು. ಹತ್ತಿರದ ಚಿತ್ರದಲ್ಲಿ ತಿಳಿಯುತ್ತದೆ: ರೋಸ್ ಚಿಟ್ಟೆಗಳ ಮೈ ಕೆಂಪು, ಮಾರ್ಮನ್ನಿನ ಮೈ ಕಪ್ಪು.

ಹುಳ ಬಿದ್ದಿದೆಯೆಂದು ಈ ಗಿಡಕ್ಕೆ ಮದ್ದು ಹೊಡೆಯುವ ಮೊದಲು ನಾಲ್ಕು ದಿನ ಕಾಯಬೇಕೆಂದು ಹೆತ್ತವರಲ್ಲಿ ನಮ್ಮ ವಿನಂತಿ. ಎಂಡೋಸಲ್ಫಾನ್ ಕಂಡ ನಾಡಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಪತಂಗಗಳಿಗೆ ರಾತ್ರಿಯೇ ಹಗಲು. ಭಾರತದಲ್ಲಿ ಚಿಟ್ಟೆಗಳ ಪ್ರಭೇದಗಳು 1,300ಕ್ಕೂ ಮಿಕ್ಕಿದ್ದರೆ ಪತಂಗಗಳದು 10,000ಕ್ಕೂ ಹೆಚ್ಚು. ಆದರೂ ಮಕ್ಕಳ ಪುಸ್ತಕಗಳಲ್ಲಿ ಅವುಗಳಿಗೆ ಜಾಗ ಕಡಿಮೆ. ಅಂಗಳದಲ್ಲಿ ಬಿಳಿ ಪಂಚೆಯೊಂದನ್ನು ಕಟ್ಟಿ ಅದರ ಮುಂದೆ ದೀಪ ಇಟ್ಟರೆ ಅವು ತಾವಾಗಿ ಬಂದು ಕೂರುತ್ತವೆ. ಕೆಲಸ ಮುಗಿದೊಡನೆ ದೀಪ ಆರಿಸಿ ಪಂಚೆಯನ್ನು ಮೆಲ್ಲನೆ ಕೊಡವಬೇಕು, ಇಲ್ಲವಾದರೆ ಬೆಳಗಾಗುತ್ತಲೇ ಹಕ್ಕಿಗಳಿಗೆ ಔತಣವಾಗುತ್ತದೆ. ಮೀಸೆಯನ್ನು ಗಮನಿಸಿ: ಚಿಟ್ಟೆಯ ಮೀಸೆಯ ತುದಿ ಗುಂಡು, ಪತಂಗದ್ದು ಸಾಮಾನ್ಯವಾಗಿ ನೂಲಿನಂತೆ ಅಥವಾ ಗರಿಯಂತೆ. ನಂದಿಬಟ್ಟಲಿನ ಎಲೆಗಳು ಬೋಳಾಗಿದ್ದರೆ ಹಸುರು ಮೈಯ, ಎರಡು ನೀಲಿ ಕಣ್ಬೊಟ್ಟುಗಳ ದಪ್ಪ ಹುಳುವನ್ನು ಹುಡುಕಿರಿ. ಓಲಿಯಾಂಡರ್ ಹಾಕ್ ಪತಂಗದ ಮರಿಯದು. ರೋಮವುಳ್ಳ ಕಂಬಳಿಹುಳುಗಳನ್ನು ಮಕ್ಕಳು ಮುಟ್ಟಬಾರದು.

ಇನ್ನು ಹೆಸರಿನ ವಿಚಾರ. ದಕ್ಷಿಣ ಭಾರತದ ಅತಿ ದೊಡ್ಡ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯಚಿಟ್ಟೆ. ಹಳದಿ, ಕೆಂಪು ಬಣ್ಣಗಳೂ ಅದರಲ್ಲಿವೆ. ಅದರ ಮರಿಗಳೂ ಈಶ್ವರಬಳ್ಳಿಯ ಜಾತಿಯ ಬಳ್ಳಿಗಳನ್ನೇ ತಿನ್ನುತ್ತವೆ. ಈ ಬಳ್ಳಿಗೆ ಮಲಯಾಳದಲ್ಲಿ ಗರುಡಕ್ಕೊಡಿ ಎನ್ನುತ್ತಾರೆ, ಚಿಟ್ಟೆಗೆ ಗರುಡಶಲಭಂ. ಹಾಗೆಯೇ ನಾರಕಂ ಎಂದರೆ ನಿಂಬೆ. ಮಾರ್ಮನ್ ಚಿಟ್ಟೆ ನಾರಕಕ್ಕಾಳಿ. ಹೆಸರು ಕೇಳಿದೊಡನೆ ಗಿಡ ನೆನಪಾಗುವ ಈ ಪದ್ಧತಿ ನಮಗೆ ಬಹಳ ಹಿಡಿಸಿದೆ. ಅದನ್ನು ಕಲಿಯಲು ಸಂಕೋಚವೇಕೆ? ಅನ್ಯಭಾಷೆಯ ರಾಜ್ಯದಲ್ಲಿ ಬಾಳುವವರಿಗೆ ಇಂಥ ಲಾಭವೂ ಉಂಟು. ಕೇರಳ 2018ರಲ್ಲಿ ಬುದ್ಧಮಯೂರಿಯನ್ನು, ತಮಿಳುನಾಡು 2019ರಲ್ಲಿ ತಮಿಳ್ ಮರವನ್ ಚಿಟ್ಟೆಯನ್ನು ರಾಜ್ಯಚಿಟ್ಟೆಯಾಗಿ ಸಾರಿದವು. ಅದಕ್ಕೂ ಮೊದಲು, 2015ರಲ್ಲಿ, ಮಹಾರಾಷ್ಟ್ರ ಬ್ಲೂ ಮಾರ್ಮನ್ನನ್ನು ಆರಿಸಿತ್ತು. ಅದರ ಮರಿಗಳಿಗೂ ನಿಂಬೆಯ ಜಾತಿಯ ಗಿಡಗಳೇ ಆಹಾರ. ಆದೋನಿ, ಜತ್ತದಂಥ ಒಣನೆಲದ ಮಕ್ಕಳು ಎಕ್ಕದ ಗಿಡ ನೋಡಲಿ. ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅಲ್ಲಿ ಸಿಗುತ್ತದೆ.

ಆದುದರಿಂದ ಪ್ರತಿ ಚಿತ್ರದೊಂದಿಗೆ ದಿನಾಂಕ, ಊರು, ಹೊತ್ತು ಬರೆದು, ಗಿಡದ ಹೆಸರನ್ನು ಮನೆಯ ಹಿರಿಯರು ಹೇಳಿದಂತೆಯೇ ಕನ್ನಡದಲ್ಲಿ ದಾಖಲಿಸಬೇಕೆಂದು ನಾವು ಮಕ್ಕಳಿಗೆ ಹೇಳುತ್ತಿದ್ದೇವೆ. ತುಳುವಿನಲ್ಲೋ ಮರಾಠಿಯಲ್ಲೋ ಬೇರೆ ಹೆಸರಿದ್ದರೆ ಅದೂ ಪಕ್ಕದಲ್ಲಿರಲಿ. ಪ್ರಭೇದವನ್ನು ಗುರುತಿಸಲು ಐನ್ಯಾಚುರಲಿಸ್ಟ್‌ನಂತಹ ತಾಣಕ್ಕೆ ಹೆತ್ತವರ ಖಾತೆಯಿಂದ ಚಿತ್ರ ಕಳುಹಿಸಬಹುದು. ಮನೆಯ ನಿಖರ ಸ್ಥಳವನ್ನು ಮರೆಮಾಡುವ ಸೌಲಭ್ಯ ಅಲ್ಲಿದೆ. ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಆಗ ಜಡಿಮಳೆ, ಪಂಚೆಯನ್ನು ಚಾವಡಿಯೊಳಗೇ ಕಟ್ಟಬೇಕಾದೀತು.