ಹೊಟ್ಟಿನಿಂದ ಹುಟ್ಟಿದ ಬೆಳಕು

ವ್ಯರ್ಥವಾದ ದುಡಿಮೆಗೆ ನಮ್ಮ ಹಿರಿಯರು ಕೊಡುತ್ತ ಬಂದ ಹೋಲಿಕೆ ಹೊಟ್ಟು ಕುಟ್ಟುವುದು. ಅಕ್ಕಿ ಮನೆಗೆ, ತೌಡು ದನಕ್ಕೆ, ಹೊಟ್ಟನ್ನು ಕೇಳುವವರಾರು? ಇಟ್ಟಿಗೆಯ ಗೂಡಿಗೋ ಒಲೆಗೋ ಹೋದಷ್ಟು ಹೋಗಿ, ಮಿಕ್ಕದ್ದು ಗಿರಣಿಯ ಹಿಂದೆ ಗುಡ್ಡವಾಗಿ ಬೀಳುತ್ತದೆ. ನೂರು ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಬರಿಯ ಹೊಟ್ಟೇ ಎಂದ ಮೇಲೆ, ಭತ್ತದ ಸೀಮೆಯಲ್ಲಿ ಆ ಗುಡ್ಡಗಳ ಗಾತ್ರವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬಿಹಾರದ ಪಶ್ಚಿಮ ಚಂಪಾರಣ್ ಜಿಲ್ಲೆ ಅಂತಹ ಸೀಮೆ. ಅಲ್ಲಿ ತಮಕುಹಾ ಎಂಬುದೊಂದು ಹಳ್ಳಿ. ಆ ಹೆಸರಿಗೆ ಕತ್ತಲೆಯ ಮಂಜು ಎಂದು ಅರ್ಥ ಹೇಳುತ್ತಾರೆ; ‘ತಮ’ ನಮಗೂ ಹೊಸ ಶಬ್ದವಲ್ಲ. 2007ರವರೆಗೆ ಊರು ಹೆಸರಿಗೆ ತಕ್ಕಂತೆಯೇ ಇದ್ದಿತು. ರಾತ್ರಿಯಾಯಿತೆಂದರೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಜ್ಞಾನೇಶ್ ಪಾಂಡೆ, ಅವರ ಗೆಳೆಯ ರತ್ನೇಶ್ ಯಾದವ್ ಮತ್ತು ಸಂಗಡಿಗರು ಆ ವರ್ಷ ಅಲ್ಲಿ ಹೊಟ್ಟಿನಿಂದ ವಿದ್ಯುತ್ತು ತೆಗೆಯುವ ಸ್ಥಾವರವನ್ನು ಹೂಡಿದರು. ಹಸ್ಕ್ ಪವರ್ ಎಂಬ ಸಂಸ್ಥೆಯ ಆರಂಭ ಅದು.

ಹೊಟ್ಟನ್ನು ಧಗಧಗನೆ ಉರಿಸಿದರೆ ದೊರೆಯುವುದು ಶಾಖ ಮಾತ್ರ. ಸಾಕಷ್ಟು ಗಾಳಿ ಕೊಡದೆ, ಉಸಿರುಗಟ್ಟಿಸಿ ಬೇಯಿಸಿದರೆ ಕಾರ್ಬನ್ ಮಾನಾಕ್ಸೈಡೂ ಜಲಜನಕವೂ ಬೆರೆತ, ಹೊತ್ತಿಕೊಳ್ಳಬಲ್ಲ ಅನಿಲ ಹೊರಡುತ್ತದೆ. ಅದನ್ನು ತೊಳೆದು, ಸೋಸಿ, ಎಂಜಿನ್ನಿಗೆ ಉಣಿಸಬೇಕು. ಎರಡನೆಯ ಮಹಾಯುದ್ಧದ ಪೆಟ್ರೋಲ್ ಬರಗಾಲದಲ್ಲಿ ನಮ್ಮ ರಸ್ತೆಗಳಲ್ಲಿ ಏದುಸಿರು ಬಿಡುತ್ತ ಓಡಿದ ಇದ್ದಿಲ ಬಸ್ಸುಗಳ ಗುಟ್ಟೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿಯೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇದೇ ತತ್ತ್ವದಿಂದ, ಕಟ್ಟಿಗೆಯನ್ನು ಬಳಸಿ, ಮನೆಗಳಿಗೆ ದೀಪವನ್ನು ಕೊಟ್ಟಿದ್ದರು.

ಕಟ್ಟಿಗೆಗಿಂತ ಹೊಟ್ಟು ಹಟಮಾರಿ. ಅದರ ಬೂದಿಯ ಬಹುಭಾಗ ಮರಳಿನ ಜಾತಿಯ ಸಿಲಿಕಾ. ಜೊತೆಗೆ ಅನಿಲದೊಡನೆ ಬರುವ ಜಿಗುಟು ಟಾರು ಕೊಳವೆಗಳನ್ನೂ ಎಂಜಿನ್ನನ್ನೂ ಕಟ್ಟಿಹಾಕುತ್ತದೆ. ಯಂತ್ರವನ್ನು ದಿನವೂ ಸ್ವಚ್ಛಗೊಳಿಸುವ ಕೈ ಇಲ್ಲದಿದ್ದರೆ ದೊಡ್ಡ ವಿಜ್ಞಾನಿಯ ಲೆಕ್ಕವೂ ನಿಷ್ಪ್ರಯೋಜಕ. ತಮಕುಹಾದ ಸಾಹಸಿಗಳು ಇದನ್ನು ಅರಿತು ಹಳ್ಳಿಯ ಹುಡುಗರಿಗೇ ಆ ವಿದ್ಯೆಯನ್ನು ಕಲಿಸಿದರು. ಕಬ್ಬಿಣದ ಕಂಬಗಳ ಬದಲು ಬಿದಿರನ್ನು ನೆಟ್ಟು ತಂತಿ ಎಳೆದರು. ಮನೆಯೊಂದಕ್ಕೆ ಎರಡು ದೀಪ, ಮೊಬೈಲಿಗೆ ವಿದ್ಯುತ್ತು. ತಿಂಗಳಿಗೆ ನೂರು ರೂಪಾಯಿಯ ಆಸುಪಾಸಿನ ಬಾಡಿಗೆ. ಮಿಕ್ಕ ಕರಿಯಿಂದ ಹೆಂಗಸರು ಊದುಬತ್ತಿ ಹೊಸೆದರು. ಮೈಸೂರಿನವರಾದ ನಮಗೆ ಈ ಕಸುಬಿನ ಪರಿಚಯ ಹೇಳಬೇಕಾಗಿಲ್ಲ!

ಇನ್ನು ಸ್ವಲ್ಪ ಗಣಿತ. ಮೂವತ್ತು ಕಿಲೋವ್ಯಾಟ್‌ಗೆ ತುಸು ಮೀರಿದ ಇಂತಹ ಸ್ಥಾವರ ಗಂಟೆಗೆ ಸುಮಾರು 50 ಕಿಲೋ ಹೊಟ್ಟನ್ನು ನುಂಗುತ್ತದೆ. ಸಂಜೆಯಿಂದ ಆರು ಗಂಟೆ ನಡೆಸಿದರೆ 300 ಕಿಲೋ, ಎಂದರೆ 15 ಕ್ವಿಂಟಾಲ್ ಭತ್ತದ ಹೊಟ್ಟು. ಗಿರಣಿಯವನು ಅದನ್ನು ‘ತೆಗೆದುಕೊಂಡು ಹೋಗಿ, ಸ್ವಾಮಿ’ ಎನ್ನುವವರೆಗೆ ಎಲ್ಲವೂ ಸಸೂತ್ರ. ಆದರೆ ಬೆಲೆಯಿಲ್ಲದ ವಸ್ತುವನ್ನು ಯಾರಾದರೂ ದಿನವೂ ಬಂದು ಕೇಳತೊಡಗಿದರೆ ಅದಕ್ಕೆ ಬೆಲೆ ಬಂದೇ ಬರುತ್ತದೆ, ಬಿಹಾರದಲ್ಲಿಯೂ ಬಂದಿತು. ಒಂದು ಯೂನಿಟ್ಟಿಗೆ ಒಂದೂವರೆ ಕಿಲೋ ಹೊಟ್ಟು ಬೇಕಾದರೆ, ಕಿಲೋಗೆ ಒಂದು ರೂಪಾಯಿ ಏರಿದೊಡನೆ ಯೂನಿಟ್ಟಿನ ಖರ್ಚು ಒಂದೂವರೆ ರೂಪಾಯಿ ಏರುತ್ತದೆ. ಎರಡು ದೀಪದ ಮನೆಯೊಡತಿಯಿಂದ ಅದನ್ನು ವಸೂಲು ಮಾಡುವುದು ಹೇಗೆ? ಹಾಗೆಂದು ಗಿರಣಿಯವನನ್ನು ದೂರಲೂ ಬಾರದು. ತನ್ನ ಸರಕಿಗೆ ಗಿರಾಕಿ ಬಂದಾಗ ಬೆಲೆ ಹೇಳದ ವ್ಯಾಪಾರಿ ಎಲ್ಲಿದ್ದಾನೆ?

ಅನಂತರದ ವರ್ಷಗಳಲ್ಲಿ ಸೌರಫಲಕಗಳು ಅಗ್ಗವಾದವು. ಸಂಸ್ಥೆಯೂ ಅವುಗಳತ್ತ ವಾಲಿ, ಹಗಲಿನ ವಿದ್ಯುತ್ತಿಗೆ ಬಿಸಿಲನ್ನು ನೆಚ್ಚಿ, ಸೂರ್ಯ ಮುಳುಗಿದ ಮೇಲಿನ ಹೊತ್ತಿಗೆ ಹೊಟ್ಟಿನ ಎಂಜಿನ್ನನ್ನು ಜೊತೆಗಿಟ್ಟುಕೊಂಡ ಸ್ಥಾವರಗಳನ್ನು ಕಟ್ಟಿತು.