ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಪ್ರವಾಹ ಸಿದ್ಧತೆ ಮತ್ತು ಸಂಚಾರ ನಿಯಮ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನದಿ ಪ್ರವಾಹಕ್ಕೆ ಸ್ಥಳೀಯ ಮಳೆಗಿಂತ ಮೇಲ್ಭಾಗದ ಮಳೆಯೇ ಹೆಚ್ಚು ಕಾರಣ. ಕಬಿನಿಗೆ ಕೇರಳದ ವಯನಾಡಿನಿಂದಲೂ, ಕಾವೇರಿ ಮತ್ತು ಲಕ್ಷ್ಮಣತೀರ್ಥಗಳಿಗೆ ಕೊಡಗಿನಿಂದಲೂ ನೀರು ಹರಿದುಬರುತ್ತದೆ. ಆದ್ದರಿಂದ ಊರಿನಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದು. ಮುನ್ಸೂಚನೆಯ ಮಹತ್ವ ಇರುವುದು ಇಲ್ಲಿಯೇ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ ಅಡಿ. ಭಾರಿ ಮಳೆಯಲ್ಲಿ ಅದು ಬೇಗನೆ ತುಂಬುವುದರಿಂದ, ಗೇಟು ತೆರೆಯುವ ಮೊದಲು ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊರಹರಿವು 1 ಲಕ್ಷ ಕ್ಯೂಸೆಕ್ ದಾಟಿತು. ಕೆಳಭಾಗದಲ್ಲಿ ಮೈಸೂರು–ನಂಜನಗೂಡು ರಸ್ತೆ ಮಲ್ಲನಮೂಲೆ ಬಳಿ ಮುಳುಗಿ ಸಂಚಾರ ನಿಂತಿತು. ಮನೆ ತೊರೆದವರಿಗೆ ಕಾಳಜಿ ಕೇಂದ್ರಗಳನ್ನು ತೆರೆಯಲಾಗುತ್ತದೆ. ಜಿಲ್ಲಾ ಸಹಾಯವಾಣಿ 1077.

ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾಧಿಕಾರಿಯು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರವು ಪೀಡಿತ ಪ್ರದೇಶದ ವಾಹನ ಸಂಚಾರವನ್ನು ನಿರ್ಬಂಧಿಸಬಹುದು. ಇದಕ್ಕೆ ಪೂರಕವಾಗಿ ಸಡಿಲಿಕೆಯೊಂದು ಮೋಟಾರು ವಾಹನ ಕಾಯ್ದೆ, 1988ರಲ್ಲಿದೆ. ಪ್ರವಾಹದಿಂದ ಮಾರ್ಗ ಬದಲಿಸಬೇಕಾದ ಸಾರಿಗೆ ವಾಹನಕ್ಕೆ, ಗಮ್ಯಸ್ಥಾನ ತಲುಪುವ ಮಟ್ಟಿಗೆ, ಆ ಬದಲಿ ಮಾರ್ಗದ ಪರವಾನಗಿ ಬೇಕಿಲ್ಲ. ಬದಲಿ ಮಾರ್ಗ ರಾಜ್ಯದ ಹೊರಗಿದ್ದರೂ ಈ ವಿನಾಯಿತಿ ಅನ್ವಯಿಸುತ್ತದೆ.

ಆದರೆ ಬದಲಿ ರಸ್ತೆಗಳೇ ಇಲ್ಲಿ ವಿರಳ. ನಾಗರಹೊಳೆ ಅರಣ್ಯದ ಮೂಲಕ ಹಾದುಹೋಗುವ ಹೆಗ್ಗಡದೇವನಕೋಟೆ–ಮಾನಂದವಾಡಿ ರಸ್ತೆಯಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2008ರಿಂದ ರಾತ್ರಿ ಸಂಚಾರ ನಿಷೇಧವಿದೆ. ರಾತ್ರಿ ವಯನಾಡಿಗೆ ಹೋಗುವವರು ಹುಣಸೂರು–ಗೋಣಿಕೊಪ್ಪ–ಕುಟ್ಟ ಮಾರ್ಗವನ್ನು ಬಳಸಬೇಕು. ಅದೂ ಬಹುಪಾಲು ಲಕ್ಷ್ಮಣತೀರ್ಥದ ಜಲಾನಯನದಲ್ಲೇ ಸಾಗುತ್ತದೆ.