ಟ್ಯಾಗ್‌ನಲ್ಲಿ 999 ಡಾಲರ್, ಬಿಲ್‌ನಲ್ಲಿ 1,081: ಅಮೆರಿಕದ ಸೇಲ್ಸ್ ಟ್ಯಾಕ್ಸ್ ಲೆಕ್ಕ ಹಾಕೋದು ಹೇಗೆ?

ಕಳೆದ ವರ್ಷ ಆಗಸ್ಟ್‌ನಲ್ಲಿ ಒಂದಿನ ಬೆಳಗ್ಗೆ ಆರೂವರೆಗೆ ದಾವಣಗೆರೆಯಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು. ಅವರ ಮಗ ಎಂಎಸ್ ಓದೋಕೆ ಅಮೆರಿಕದ ಡಲ್ಲಾಸ್‌ಗೆ ಹೋಗಿ ಒಂದು ವಾರ ಆಗಿತ್ತಷ್ಟೇ. ಲ್ಯಾಪ್‌ಟಾಪ್ ತಗೊಳೋಕೆ ಹೋದವನು ಅಂಗಡಿಯಿಂದಲೇ ಬೆಲೆ ಚೀಟಿಯ ಫೋಟೋ ಕಳಿಸಿದ್ದ. 999 ಡಾಲರ್. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನ ಮೊಬೈಲ್‌ಗೆ ಕಾರ್ಡ್ ಮೆಸೇಜ್ ಬಂತು. ಅದರಲ್ಲಿ ಇದ್ದಿದ್ದು 1,081 ಡಾಲರ್ 42 ಸೆಂಟ್.

"ನೋಡಮ್ಮಾ, ನೀನು ಬಿಕಾಂ ಓದಿದೋಳು. ಅಂಗಡಿಯವನು ಇವನಿಗೆ ಮೋಸ ಮಾಡಿದ್ನೋ, ಇಲ್ಲ ಇವನೇ ನಂಗೆ ಸುಳ್ಳು ಹೇಳ್ತಿದಾನೋ?"

ಚಿಕ್ಕಪ್ಪನದು ಕಿರಾಣಿ ಅಂಗಡಿ. ಎಂಆರ್‌ಪಿ ಮೇಲೆ ಒಂದು ರೂಪಾಯಿ ಜಾಸ್ತಿ ಕೇಳಿದ್ರೆ ಗಿರಾಕಿ ಜಗಳಕ್ಕೇ ಬರ್ತಾನೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಮಗ ಓದ್ತಿರೋದು ಎಜುಕೇಶನ್ ಲೋನ್ ಮೇಲೆ. ಹಾಗಾಗಿ 82 ಡಾಲರ್ ಎಲ್ಲಿ ಹೋಯ್ತು ಅಂತ ಕೇಳೋದು ತಪ್ಪಲ್ಲ. ಆದರೆ ಅಲ್ಲಿ ಮೋಸವೂ ಆಗಿರಲಿಲ್ಲ, ಸುಳ್ಳೂ ಇರಲಿಲ್ಲ. ಅದು ಸೇಲ್ಸ್ ಟ್ಯಾಕ್ಸ್.

ನಮ್ಮಲ್ಲಿ ಪ್ಯಾಕೆಟ್ ಮೇಲಿನ ಎಂಆರ್‌ಪಿ ಅಂದ್ರೆ ಎಲ್ಲ ತೆರಿಗೆ ಸೇರಿದ ಬೆಲೆ. ಮೊಬೈಲ್‌ಗೆ ಶೇ. 18 ಜಿಎಸ್‌ಟಿ ಇದೆ. ಬೆಂಗಳೂರಲ್ಲಿ ತಗೊಂಡ್ರೂ ಬೀದರ್‌ನಲ್ಲಿ ತಗೊಂಡ್ರೂ ಅಷ್ಟೇ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಜಿಎಸ್‌ಟಿ ಥರದ ತೆರಿಗೆ ಇಲ್ಲ. ಮಾರಾಟದ ಮೇಲೆ ತೆರಿಗೆ ಹಾಕೋದು ರಾಜ್ಯಗಳು, ಅದರ ಮೇಲೆ ಕೌಂಟಿ, ನಗರ, ಕೆಲವು ಕಡೆ ಬಸ್ಸು-ರೈಲು ನಡೆಸೋ ಸಂಸ್ಥೆಗಳೂ ಸೇರ್ಕೊಳ್ತವೆ. ಸಾಮಾನ್ಯವಾಗಿ ಬೆಲೆ ಚೀಟಿಯಲ್ಲಿ ಇದ್ಯಾವುದೂ ಕಾಣಲ್ಲ, ಕೌಂಟರ್‌ನಲ್ಲೇ ಸೇರೋದು.

ಹಾಗಾಗಿ ಲೆಕ್ಕಕ್ಕೆ ಕೂರೋ ಮೊದಲು ಎರಡು ಪ್ರಶ್ನೆ ಕೇಳ್ಕೋಬೇಕು. ಎಲ್ಲಿ ತಗೊಳ್ತಿದೀನಿ? ಏನು ತಗೊಳ್ತಿದೀನಿ?

ಮೊದಲನೇದು: ಎಲ್ಲಿ?

ಡಲ್ಲಾಸ್ ಇರೋದು ಟೆಕ್ಸಾಸ್‌ನಲ್ಲಿ. ಅಲ್ಲಿ ರಾಜ್ಯದ ದರ ಶೇ. 6.25. ಸ್ಥಳೀಯ ತೆರಿಗೆ ಎಲ್ಲ ಸೇರಿ ಶೇ. 2 ದಾಟೋ ಹಾಗಿಲ್ಲ. ಡಲ್ಲಾಸ್‌ನಲ್ಲಿ ನಗರಕ್ಕೆ ಶೇ. 1, ಬಸ್ಸು-ರೈಲು ನಡೆಸೋ ಸಂಸ್ಥೆ ಡಾರ್ಟ್‌ಗೆ ಶೇ. 1. ಒಟ್ಟು ಶೇ. 8.25.

ಈಗ ನನ್ನ ತಮ್ಮನ ಬಿಲ್ ಬಿಡಿಸೋಣ. 999ಕ್ಕೆ ಶೇ. 6.25 ಅಂದ್ರೆ 62.44 ಡಾಲರ್. ನಗರಕ್ಕೆ 9.99, ಡಾರ್ಟ್‌ಗೆ 9.99. ಕೂಡಿಸಿ ನೋಡಿ, 82.42. ಚಿಕ್ಕಪ್ಪ ಹುಡುಕ್ತಿದ್ದ ಹಣ ಇದೇ. ಅಂಗಡಿಯವನು ಅದನ್ನ ತೆರಿಗೆ ಅಂತಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ತಾನೆ.

ದಿನಾ ಹೀಗೆ ಬಿಡಿಸಿ ಮಾಡಬೇಕಾಗಿಲ್ಲ. ದರಗಳನ್ನ ಮೊದಲೇ ಕೂಡಿಸ್ಕೊಂಡು ಬೆಲೆಯನ್ನ 1.0825ರಿಂದ ಗುಣಿಸಿದ್ರೆ ನೇರವಾಗಿ ಕೊಡಬೇಕಾದ ಮೊತ್ತ ಬರುತ್ತೆ.

ಅದೇ 999ರ ಲ್ಯಾಪ್‌ಟಾಪ್ ನ್ಯೂಯಾರ್ಕ್ ಸಿಟಿಯಲ್ಲಾದ್ರೆ? ರಾಜ್ಯಕ್ಕೆ ಶೇ. 4, ನಗರಕ್ಕೆ 4.5, ಸಾರಿಗೆ ವಲಯಕ್ಕೆ 0.375, ಒಟ್ಟು ಶೇ. 8.875. ಬಿಲ್ 1,087.66. ಪಕ್ಕದ ನ್ಯೂಜೆರ್ಸಿಯ ದರ ಶೇ. 6.625, ಅಲ್ಲಿ 1,065.18. ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ, ಚೀಟಿಯಲ್ಲಿರೋ 999 ಕೊಟ್ಟು ಬರಬಹುದು. ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್‌ನಲ್ಲೂ ಹಾಗೇ. ಅಲಾಸ್ಕಾದಲ್ಲಿ ರಾಜ್ಯದ ತೆರಿಗೆ ಇಲ್ಲ, ಆದ್ರೆ ಕೆಲವು ಊರುಗಳು ತಮ್ಮದೇ ತೆರಿಗೆ ಹಾಕ್ತವೆ.

"ಹಾಗಾದ್ರೆ ಆನ್‌ಲೈನ್‌ನಲ್ಲಿ ಒರೆಗಾನ್ ಕಂಪನಿಯಿಂದ ತರಿಸಿದ್ರಾಯ್ತು" ಅಂತ ನನ್ನ ತಮ್ಮನೂ ಅಂದ. ಆಗಲ್ಲ. ಬೇರೆ ರಾಜ್ಯದಿಂದ ತರಿಸಿದಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರೋದು ಡೆಲಿವರಿ ವಿಳಾಸ. ಮುಂಚೆ, ರಾಜ್ಯದೊಳಗೆ ಅಂಗಡಿ ಅಥವಾ ಗೋದಾಮು ಇಲ್ಲದ ಕಂಪನಿಗೆ ತೆರಿಗೆ ವಸೂಲಿ ಮಾಡು ಅಂತ ಆ ರಾಜ್ಯ ಹೇಳೋ ಹಾಗಿರಲಿಲ್ಲ. 2018ರಲ್ಲಿ ಸೌತ್ ಡಕೋಟಾ ಮತ್ತು ವೇಫೇರ್ ನಡುವಿನ ಕೇಸ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮ ತೆಗೆದುಹಾಕ್ತು.

ಎರಡನೇದು: ಏನು?

ಬುಟ್ಟಿಯಲ್ಲಿರೋ ಎಲ್ಲದಕ್ಕೂ ತೆರಿಗೆ ಬೀಳಲ್ಲ. ಟೆಕ್ಸಾಸ್‌ನಲ್ಲಿ ಅಕ್ಕಿ, ಹಾಲು, ತರಕಾರಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಸೋಪು, ಬಕೆಟ್, ಕೂಲ್ ಡ್ರಿಂಕ್, ಹೋಟೆಲ್ ಊಟಕ್ಕೆ ಇದೆ. ನಿಮ್ಮ ಬುಟ್ಟಿಯಲ್ಲಿ 35 ಡಾಲರ್‌ನ ಅಕ್ಕಿ-ಹಾಲು-ತರಕಾರಿ, 24 ಡಾಲರ್‌ನ ಸೋಪು-ಬಕೆಟ್-ಕೂಲ್ ಡ್ರಿಂಕ್ ಇದ್ರೆ ತೆರಿಗೆ ಬೀಳೋದು 24ರ ಮೇಲೆ ಮಾತ್ರ. 1.98 ಸೇರಿ ಬಿಲ್ 60.98. ಮನೇಲಿ ಅಡುಗೆ ಮಾಡ್ಕೊಂಡ್ರೆ ಉಳಿತಾಯ ಅನ್ನೋ ಅಮ್ಮಂದಿರ ಮಾತಿಗೆ ಅಲ್ಲಿ ತೆರಿಗೆ ಕಾನೂನಿನ ಬೆಂಬಲವೂ ಇದೆ!

ನ್ಯೂಯಾರ್ಕ್ ಸಿಟಿಯಲ್ಲಿ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆಗೆ ತೆರಿಗೆ ಇಲ್ಲ. ನೂರು ಡಾಲರ್ ಜಾಕೆಟ್‌ಗೆ ನೂರೇ ಕೊಡ್ತೀರಿ. 120ರದ್ದು ತಗೊಂಡ್ರೆ ಮೇಲಿನ ಹತ್ತಕ್ಕಲ್ಲ, ಪೂರ್ತಿ 120ಕ್ಕೂ ತೆರಿಗೆ, ಅಂದ್ರೆ 10.65. ಟೆಕ್ಸಾಸ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಮೂರು ದಿನ, ತಲಾ ನೂರು ಡಾಲರ್‌ಗಿಂತ ಕಡಿಮೆಯ ಬಟ್ಟೆ, ಶೂ, ಸ್ಕೂಲ್ ಬ್ಯಾಗ್‌ಗಳಿಗೆ ತೆರಿಗೆ ರಜೆ ಇರುತ್ತೆ. ಕ್ಲಾಸ್ ಶುರುವಾಗೋಕೆ ಹೋಗೋರಿಗೆ ಒಳ್ಳೆ ಟೈಮಿಂಗ್. ಆದ್ರೆ ಲ್ಯಾಪ್‌ಟಾಪ್ ಆ ಪಟ್ಟಿಯಲ್ಲಿಲ್ಲ.

ಎಲ್ಲರೂ ಎಡವೋ ಲೆಕ್ಕ

ಕೈಯಲ್ಲಿ 500 ಡಾಲರ್ ಇದೆ, ಡಲ್ಲಾಸ್‌ನಲ್ಲಿದೀರಿ. ಎಷ್ಟರವರೆಗಿನ ವಸ್ತು ನೋಡಬಹುದು? ಹೆಚ್ಚಿನವರು 500ರಲ್ಲಿ ಶೇ. 8.25 ಕಳೀತಾರೆ, 458.75 ಬರುತ್ತೆ. ಇದು ತಪ್ಪು. ತೆರಿಗೆ ಬೀಳೋದು 500ರ ಮೇಲಲ್ಲ, ಟ್ಯಾಗ್ ಬೆಲೆ ಮೇಲೆ. 500ನ್ನ 1.0825ರಿಂದ ಭಾಗಿಸಿ: 461.89.

ನಮ್ಮ ಜಿಎಸ್‌ಟಿ ಬಿಡಿಸೋದೂ ಹೀಗೇ. ಶೇ. 18 ಜಿಎಸ್‌ಟಿ ಸೇರಿ 1,180 ರೂಪಾಯಿ ಅಂದ್ರೆ ತೆರಿಗೆ 180. 1,180ಕ್ಕೆ ಶೇ. 18 ಹಾಕಿ 212 ಅನ್ನೋ ಹಾಗಿಲ್ಲ. ಅದಕ್ಕೇ "ಅಮೆರಿಕದಲ್ಲಿ ಫೋನ್ ಎಷ್ಟು ಅಗ್ಗ" ಅಂತ ಅಲ್ಲಿರೋ ಅಣ್ಣನಿಗೆ ಹೇಳಿ ತರಿಸೋ ಮುಂಚೆ ಯೋಚಿಸಿ. ಅಲ್ಲಿನ ಟ್ಯಾಗ್ ತೆರಿಗೆ ಬಿಟ್ಟು, ಇಲ್ಲಿನ ಎಂಆರ್‌ಪಿ ತೆರಿಗೆ ಸೇರಿಸಿ. ಎರಡನ್ನೂ ಹಾಗೇ ಪಕ್ಕದಲ್ಲಿಟ್ಟು ಹೋಲಿಸೋಕೆ ಬರಲ್ಲ.

ಈ ದರಗಳು ಆಗಾಗ ಬದಲಾಗ್ತವೆ. ದೊಡ್ಡ ಖರೀದಿಗೆ ಮುಂಚೆ ಆಯಾ ರಾಜ್ಯದ ತೆರಿಗೆ ಇಲಾಖೆ ವೆಬ್‌ಸೈಟ್ ನೋಡಿ. ಟೆಕ್ಸಾಸ್‌ನದ್ದರಲ್ಲಿ ವಿಳಾಸ ಹಾಕಿದ್ರೆ ದರ ಬರುತ್ತೆ. ಬರೀ ಪಿನ್‌ಕೋಡ್ ಥರದ ಜಿಪ್ ಕೋಡ್ ನಂಬಬೇಡಿ, ಒಂದೇ ಜಿಪ್ ಕೋಡ್‌ನಲ್ಲಿ ಎರಡು ಊರಿನ ಗಡಿ ಬರಬಹುದು.

ಅವತ್ತು ಚಿಕ್ಕಪ್ಪನಿಗೆ ಫೋನ್‌ನಲ್ಲೇ ಮೂರು ಸಾಲಿನ ಲೆಕ್ಕ ಬರೆಸಿದೆ. ಕೂಡಿಸಿ ನೋಡಿ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ, "ಅಲ್ಲಮ್ಮಾ, ಚೀಟಿ ಮೇಲೇ ಬರೆದಿದ್ರೆ ಅವರ ಗಂಟೇನು ಹೋಗ್ತಿತ್ತು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಮಗನಿಗೆ ಫೋನ್ ಮಾಡಿ ಬೈದಿದ್ರಂತೆ, ಮತ್ತೆ ಮಾಡಿ ಸಮಾಧಾನ ಹೇಳಿದ್ರು. ಈಗ ಅವರ ಲೆಕ್ಕದ ಪುಸ್ತಕದಲ್ಲಿ ಮಗನ ಖರ್ಚಿಗೆ ಎರಡು ಕಾಲಂ ಇದೆ: ಚೀಟಿ ಬೆಲೆ, ಬಿಲ್ ಬೆಲೆ.

ನಿಮ್ಮ ಮನೆಯಿಂದ ಯಾರಾದ್ರೂ ಹೊರಟಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಜೊತೆಗೆ, ಇಲ್ಲಿಂದ ದುಡ್ಡು ಕಳಿಸೋ ಅಪ್ಪ-ಅಮ್ಮನಿಗೂ ಕೇಳಿಸಿ. ಮುಂದಿನ ವಾರ ಸಿಗೋಣ.